ಕೊಸರಿಗೊಂದು ದೋಣಿ

ಪೋಸ್ಟ್‌ಡಾಕ್ ಅಂದರೆ ಎಂತ ಅಂತ ಹೊನ್ನಾವರದಲ್ಲಿ ವಿವರಿಸಲು ಹೊರಟರೆ ದಿನಕ್ಕೊಂದು ಪ್ರಸಂಗ ಗ್ಯಾರಂಟಿ. ಪಿಎಚ್‌ಡಿ ಮುಗಿಸಿದವರು ಕಾಯಂ ಕೆಲಸ ಸಿಗುವ ತನಕ ಗುತ್ತಿಗೆಯ ಮೇಲೆ ಮಾಡುವ ಸಂಶೋಧನೆ, ಅಷ್ಟೆ. ನನಗೀಗ ನಲವತ್ಮೂರು, ಇದು ಮೂರನೆಯ ಗುತ್ತಿಗೆ. ಯಾರಾದರೂ "ನಿಮ್ಮ ಸೊಸೆ ಎಂತ ಮಾಡ್ತಾಳೆ?" ಎಂದು ಕೇಳಿದರೆ ನಮ್ಮತ್ತೆಯ ಉತ್ತರ ತಯಾರಿರುತ್ತದೆ: "ಕಲಿಯೋದೆಲ್ಲ ಮುಗಿದದೆ. ಕೆಲಸ ಶುರುವಾಗೋದೊಂದು ಬಾಕಿ."

ನಾನು ಅಘನಾಶಿನಿ ಹೊಳೆಯ ಬಳಚಿನ ಮೇಲೆ ಕೆಲಸ ಮಾಡುವವಳು. ಬಳಚು ಅಂದರೆ ಕೆಸರಿನಲ್ಲಿ ಸಿಗುವ ಚಿಪ್ಪುಜೀವಿ, ಪಲ್ಯ ಮಾಡಿದರೆ ಬಲು ರುಚಿ. ಈ ಗುತ್ತಿಗೆ ಮುಗಿಯುವುದು ಮಾರ್ಚ್‌ಗೆ. ಅಷ್ಟರೊಳಗೆ ಬೇರೆ ಕೆಲಸ ಸಿಗದಿದ್ದರೆ, ವರ್ಷಗಟ್ಟಲೆ ಮಿರ್ಜಾನದ ಕೆಸರಿನಲ್ಲಿ ನಿಂತು ಅಳೆದದ್ದೆಲ್ಲ ಅಲ್ಲಿಗೇ ನಿಂತಿತು. ಹಾಗಾಗಿ ಪೋಸ್ಟ್‌ಡಾಕ್‌ಗಳಿಗೆಂದೇ ಆನ್‌ಲೈನಿನಲ್ಲಿ ನಡೆಯುವ ವೃತ್ತಿ ಕೌಶಲ್ಯದ ತರಬೇತಿಗೆ ಸೇರಿಕೊಂಡೆ. ಪ್ರತಿ ಶನಿವಾರ ಪಾಠ. ಪಾಠ ಹೇಳುವ ಹುಡುಗಿ ನನಗಿಂತ ಹದಿನೈದು ವರ್ಷವಾದರೂ ಚಿಕ್ಕವಳು, ಬಹಳ ಹುರುಪಿನವಳು.

ಐವತ್ತು ಸಾಕು

ಮೊದಲ ಪಾಠ: ವಿಸಿಟಿಂಗ್ ಕಾರ್ಡ್ ಮಾಡಿಸಿಕೊಳ್ಳಿ, ಹೋದಲ್ಲೆಲ್ಲ ಕೊಡಿ. ಭಟ್ಕಳಕ್ಕೆ ಮದುವೆಗೆ ಹೋದವಳು ಅಲ್ಲಿಯ ಪೇಟೆಯಲ್ಲೊಂದು ಪ್ರಿಂಟಿಂಗ್ ಅಂಗಡಿಗೆ ಹೊಕ್ಕೆ. ಅಂಗಡಿಯ ಸಾಹೇಬರು ವಯಸ್ಸಾದವರು. ನಾನು ಬರೆದುಕೊಟ್ಟ ಚೀಟಿಯನ್ನು ಕನ್ನಡಕ ಏರಿಸಿ ಓದಿದರು.

"ಇದು ಪರ್ಮನೆಂಟಾ ಮೇಡಂ?"

"ಇಲ್ಲ, ಗುತ್ತಿಗೆ."

"ಎಲ್ಲಿವರೆಗೆ?"

"ಮಾರ್ಚ್."

ಸಾಹೇಬರು ಗೋಡೆಯ ಕ್ಯಾಲೆಂಡರ್ ನೋಡಿದರು. ಆಮೇಲೆ ಚೀಟಿಯಲ್ಲಿ ನಾನು ಬರೆದಿದ್ದ 'ಇನ್ನೂರು' ಎಂಬುದನ್ನು ತಾವೇ ಹೊಡೆದುಹಾಕಿ ಹೇಳಿದರು: "ಸುಮ್ನೆ ದಂಡ. ಐವತ್ತು ಸಾಕು."

ಇಷ್ಟು ಪ್ರಾಮಾಣಿಕ ವೃತ್ತಿ ಸಲಹೆ ನನಗೆ ಯಾವ ಪ್ರೊಫೆಸರರೂ ಕೊಟ್ಟಿರಲಿಲ್ಲ.

ಮೀನು ಎಲ್ಲಿ?

ಎರಡನೆಯ ಪಾಠ: ನಿಮ್ಮ ಸಂಶೋಧನೆಯನ್ನು ಮೂರೇ ನಿಮಿಷದಲ್ಲಿ, ಯಾರಿಗೂ ಅರ್ಥವಾಗುವ ಹಾಗೆ ಹೇಳಬೇಕು. ಹೊನ್ನಾವರದ ಮೀನುಪೇಟೆಯಲ್ಲಿ ನಾನು ಕಾಯಂ ಮೀನು ಕೊಳ್ಳುವ ಅಕ್ಕ ಒಬ್ಬಳಿದ್ದಾಳೆ. ಅರವತ್ತರ ಹತ್ತಿರ ವಯಸ್ಸು. ಹೆಗಲಿಗೆ ಚೀಲ ಹಾಕಿದ ಹೆಂಗಸರೆಲ್ಲ ಅವಳ ಪಾಲಿಗೆ ಶಾಲೆ ಟೀಚರೇ, ಹಾಗಾಗಿ ನಾನು 'ಅಕ್ಕೋರು'. ನನ್ನ ಬಂಗಡೆ ಕೊಯ್ದು ಕೊಡಲು ಅವಳಿಗೆ ಸರಿಯಾಗಿ ಮೂರು ನಿಮಿಷ ಹಿಡಿಯುತ್ತದೆ. ಇದಕ್ಕಿಂತ ಒಳ್ಳೆಯ ಗಡಿಯಾರ ಬೇಕಾ?

ಶುರು ಮಾಡಿದೆ. ನದೀಮುಖಗಳ ಮಹತ್ವ, ಹಿಂದಿನ ಅಧ್ಯಯನಗಳು, ನಾನು ಬಳಸಿದ ವಿಧಾನ... ಕೊನೆಯ ಬಂಗಡೆಯ ತಲೆ ಬಿತ್ತು, ನನ್ನ ಬಳಚು ಇನ್ನೂ ಬಂದಿರಲಿಲ್ಲ.

ಅಕ್ಕ ಕತ್ತಿ ಕೆಳಗಿಟ್ಟಳು. "ಅಲ್ರಾ ಅಕ್ಕೋರೆ, ಗಿರಾಕಿ ಬಂದ್ರೆ ನಾ ಎಂತ ಮಾಡ್ತೆ? ಬಲೆ ಯಾರು ನೇಯ್ದ್ರು, ದೋಣಿಗೆ ಎಷ್ಟು ಹುಟ್ಟು ಅಂತ ಕತೆ ಹೇಳ್ತ್ನಾ? ಮೊದ್ಲು ಬುಟ್ಟಿ ಮೇಲಿನ ಎಲೆ ತೆಗೀತೆ. ನಿಮ್ಮ ಮೀನು ಎಲ್ಲಿ?"

ಎಲೆ ತೆಗೆದೆ. "ಹೊಳೆಯ ಉಪ್ಪು ಹೆಚ್ಚುಕಡಿಮೆ ಆದ್ರೆ ಬಳಚು ಸಾಯ್ತದೆ. ಎಷ್ಟು ಉಪ್ಪಿಗೆ ಸಾಯ್ತದೆ ಅಂತ ನಾನು ಹೇಳಬಲ್ಲೆ."

"ಹಾಂ, ಇದು ಮಾರಾಟ ಆಗ್ತದೆ," ಎಂದಳು. ಆಮೇಲೆ, "ಮತ್ತೆ ನಿಮ್ಮ ಕೆಲಸ ಮಾರ್ಚ್‌ಗೆ ಹೋಗ್ತದೆ ಅಂತ ಸುದ್ದಿ, ಹೌದೇನ್ರಾ?"

ಹೌದು ಅಂದೆ. ಅವಳು ನನ್ನ ಚೀಲಕ್ಕೆ ಇನ್ನೊಂದು ಬಂಗಡೆ ಎಸೆದಳು. ಕೊಸರು! ವರ್ಷಗಟ್ಟಲೆ ಚೌಕಾಸಿ ಮಾಡಿದರೂ ಅವಳಿಂದ ಕೊಸರು ಕಿತ್ತವರನ್ನು ನಾನು ಕಂಡಿಲ್ಲ. ನನ್ನ ಸ್ಥಿತಿ ಎಷ್ಟು ಗಂಭೀರ ಎಂದು ಅರಿವಾದದ್ದು ಅವತ್ತೇ. ಅಲ್ಲಿಂದ ಮುಂದೆ ಪ್ರತಿ ಸಲವೂ ನನಗೆ ಒಂದು ಬಂಗಡೆ ಹೆಚ್ಚು.

ಒಬ್ಬರೇ

ಮೂರನೆಯ ಪಾಠ: ವಾರಕ್ಕೆ ಹತ್ತು ಹೊಸಬರ ಪರಿಚಯ ಮಾಡಿಕೊಳ್ಳಿ. ಆ ವಾರ ನನಗೆ ಸಿಕ್ಕವರು ಮಿರ್ಜಾನಕ್ಕೆ ಹೊಸದಾಗಿ ಬಂದ ದೋಣಿಯವರೊಬ್ಬರೇ. ಅವರಿಗೆ ಕಾರ್ಡ್ ಕೊಟ್ಟೆ. ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದ್ರಲ್ಲಿ ಫೋನ್ ನಂಬರ್ ಅದೆ, ಊರಿಲ್ಲ, ಮನೆಯಿಲ್ಲ. ನೀವು ಯಾರ ಪೈಕಿ?"

ಹೇಳಿದೆ. ಅಪ್ಪನ ಊರು ಕುಮಟಾ ಎಂದದ್ದೇ ತಡ, ನನ್ನ ಚಿಕ್ಕಪ್ಪ ಅವರ ತಮ್ಮನ ಸಹಪಾಠಿ ಎಂದು ಪತ್ತೆಯಾಯಿತು. ದೋಣಿ ಆಚೆ ದಡ ಮುಟ್ಟುವುದರೊಳಗೆ ನನ್ನ ವಯಸ್ಸು, ಗಂಡನ ಬ್ಯಾಂಕು, ಮಾರ್ಚ್ ಸಂಕಟ ಎಲ್ಲ ಅವರಿಗೆ ಬಾಯಿಪಾಠ. ನಾಲ್ಕೇ ದಿನಕ್ಕೆ ಫೋನು ಬಂತು. ಅವರ ಸೊಸೆಯ ಅಣ್ಣ ಒಂದು ಸಂಶೋಧನಾ ಕೇಂದ್ರದಲ್ಲಿ ಗುಮಾಸ್ತ. ಅಲ್ಲಿ ಹೊಳೆಯ ಅಧ್ಯಯನಕ್ಕೆ ಹುದ್ದೆಯೊಂದು ಖಾಲಿ, ಅರ್ಜಿಗೆ ಇನ್ನು ಒಂದೇ ವಾರ.

ಶನಿವಾರ ತರಬೇತಿಯ ಹುಡುಗಿ ಕೇಳಿದಳು, "ಎಷ್ಟು ಜನರನ್ನು ಸಂಪರ್ಕಿಸಿದಿರಿ?"

"ಒಬ್ಬರನ್ನು."

"ಒಬ್ಬರೇನಾ?" ಮುಖ ಸಣ್ಣದಾಯಿತು.

"ನಮ್ಮಲ್ಲಿ ಅಷ್ಟು ಸಾಕು. ಉಳಿದವರಿಗೆ ಅವರೇ ಹೇಳ್ತಾರೆ."

ಐದು ವರ್ಷದ ನಂತರ

ಅರ್ಜಿ ಹಾಕಿದೆ, ಸಂದರ್ಶನಕ್ಕೆ ಕರೆದರು. ಲ್ಯಾಪ್‌ಟಾಪಿನ ಪರದೆಯಲ್ಲಿ ನಾಲ್ಕು ಗಂಭೀರ ಮುಖ. ನಾನು ಎಲೆ ತೆಗೆದು ಮೊದಲೇ ಮೀನು ತೋರಿಸಿದೆ, ಚೆನ್ನಾಗಿಯೇ ಹೋಯಿತು. ಕೊನೆಗೆ ಒಬ್ಬರು ಕೇಳಿದರು, "ಐದು ವರ್ಷದ ನಂತರ ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ?"

ಇದಕ್ಕೆ ತರಬೇತಿಯಲ್ಲಿ ಬಾಯಿಪಾಠ ಮಾಡಿಸಿದ ಚಂದದ ಉತ್ತರವೊಂದಿತ್ತು. ಅದು ಹೊತ್ತಿಗೆ ಸರಿಯಾಗಿ ಮರೆತುಹೋಯಿತು. "ಮಿರ್ಜಾನದಲ್ಲೇ ಸರ್, ಮೊಣಕಾಲು ಮಟ್ಟ ಕೆಸರಲ್ಲಿ," ಅಂದೆ.

ನಾಲ್ಕೂ ಮುಖ ಅಲ್ಲಾಡಲಿಲ್ಲ. ಕೆಲಸ ಹೋಯಿತು ಅಂದುಕೊಂಡೆ. ಆಮೇಲೆ ನೋಡಿದರೆ ಹೋದದ್ದು ನಮ್ಮನೆ ಕರೆಂಟು, ಅದರ ಜೊತೆ ಇಂಟರ್ನೆಟ್ಟು.

ಫೋನು ಬಂದ ಹೊತ್ತು

ತರಬೇತಿಯ ಕಟ್ಟಕಡೆಯ ಪಾಠ: ಕೆಲಸ ಕೊಡುತ್ತೇವೆಂದರೆ ತಕ್ಷಣ ಹೂಂ ಅನ್ನಬೇಡಿ. ವಿನಯದಿಂದ ಚರ್ಚಿಸಿ. ಚರ್ಚಿಸಲು ಧೈರ್ಯ ಎಲ್ಲಿಂದ ತರಬೇಕು ಎಂಬುದು ಪಾಠದಲ್ಲಿರಲಿಲ್ಲ.

ಫೆಬ್ರವರಿಯ ಕೊನೆಯ ವಾರ. ಅಕ್ಕ ನನ್ನ ಬಂಗಡೆ ಕೊಯ್ಯುತ್ತಿದ್ದಾಗ ಫೋನು ಬಂತು, ಆ ಕೇಂದ್ರದ ಮುಖ್ಯಸ್ಥರದ್ದು. ಪೇಟೆಯ ಗಲಾಟೆಯಲ್ಲಿ ಕೇಳಿಸದೆ ಸ್ಪೀಕರ್ ಹಾಕಿದೆ.

"ಅಭಿನಂದನೆ. ನಿಮ್ಮನ್ನೇ ಆರಿಸಿದ್ದೇವೆ. ಸದ್ಯಕ್ಕೆ ಎರಡು ವರ್ಷ."

ನನ್ನ ಬಾಯಿ 'ಹೂಂ'ಗೆ ತೆರೆದೇ ಬಿಟ್ಟಿತ್ತು. ಅಕ್ಕ ಮೀನಿನ ಕೈಯನ್ನೇ ತುಟಿಗೆ ಒತ್ತಿ 'ಸುಮ್ಮನಿರಿ' ಎಂದು ಸನ್ನೆ ಮಾಡಿದಳು. ಇನ್ನೊಂದು ಕೈಯಲ್ಲಿ ಕತ್ತಿಯಿತ್ತು, ಸುಮ್ಮನಾದೆ.

"ಹಲೋ? ಹಲೋ? ಕೇಳಿಸ್ತಾ ಇದೆಯಾ?"

ಅಕ್ಕ ಬೇಡವೆಂದು ತಲೆಯಾಡಿಸಿ, ದರ ಒಗ್ಗದ ಗಿರಾಕಿಯ ಹಾಗೆ ಎದ್ದು ಹೊರಡುವ ಅಭಿನಯ ಮಾಡಿದಳು. ನಾನು ಫೋನು ಹಿಡಿದೇ ಎರಡು ಹೆಜ್ಜೆ ಆಚೆ ನಡೆದೆ, ಉಸಿರು ಕೂಡ ಬಿಡದೆ.

"ನಿಮಗೆ ಎರಡು ವರ್ಷ ಕಡಿಮೆಯಾಯ್ತು ಅನಿಸುತ್ತೆ," ಎಂದರು ಮುಖ್ಯಸ್ಥರು. "ಸರಿ, ಮೂರು ಮಾಡೋಣ. ನಿಮ್ಮ ಕೆಲಸ ಚೆನ್ನಾಗಿದ್ದರೆ ಆಮೇಲೆ ಕಾಯಂ. ಆಗಬಹುದಾ?"

ಅಕ್ಕನ ಕಡೆ ನೋಡಿದೆ. ಅವಳು 'ಆತು' ಎಂಬಂತೆ ಕಣ್ಣು ಮುಚ್ಚಿ ತೆರೆದಳು. ಮರುಕ್ಷಣ ಪಿಸುಗುಟ್ಟಿದಳು, "ಕೊಸರು! ಕೊಸರು ಕೇಳ್ರಿ!"

"ಸರ್," ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ, "ಮೇಲಿಂದ ಒಂದು ದೋಣಿ..."

"ದೋಣಿಯಾ?" ಅವರು ಜೋರಾಗಿ ನಕ್ಕರು. "ಕೆಸರಲ್ಲೇ ಇರ್ತೇನೆ ಅಂದವರಲ್ವಾ ನೀವು! ಆಗಲಿ, ವಾರಕ್ಕೆರಡು ದಿನ ಬಾಡಿಗೆ ದೋಣಿ ಕೊಡಿಸೋಣ."

ಫೋನಿಟ್ಟವಳು ಅಲ್ಲೇ ಖಾಲಿ ಬುಟ್ಟಿಯೊಂದರ ಮೇಲೆ ಕೂತುಬಿಟ್ಟೆ. ಅಳುವೋ ನಗುವೋ ತಿಳಿಯದು. ಅಕ್ಕ ಅಕ್ಕಪಕ್ಕದವರಿಗೆಲ್ಲ ಕೂಗಿ ಹೇಳಿದಳು, "ನಮ್ಮಕ್ಕೋರಿಗೆ ಕೆಲಸ ಆತು! ಮೂರು ವರ್ಷ! ದೋಣಿ ಬೇರೆ!" ಮೀನುಪೇಟೆಯ ಆ ಸಾಲಿಗೆ ಸಾಲೇ ನನ್ನನ್ನು ನೋಡಿ ನಕ್ಕಿತು.

ಆಮೇಲೆ ಅಕ್ಕ ಕೊಯ್ದ ಬಂಗಡೆ ಚೀಲಕ್ಕೆ ತುಂಬಿದಳು, ರೂಢಿಯಂತೆ ಮೇಲೊಂದು ಹಾಕಿದಳು. ನಾನು ಕಣ್ಣೊರೆಸಿಕೊಂಡು ಚೀಲಕ್ಕೆ ಕೈಚಾಚಿದೆ.

"ನಿಲ್ಲಿ," ಎಂದು ಚೀಲದೊಳಗೆ ಕೈಹಾಕಿ, ಆ ಮೇಲಿನ ಬಂಗಡೆಯನ್ನು ತೆಗೆದು ವಾಪಸ್ ಬುಟ್ಟಿಗೆ ಎಸೆದಳು.

"ಅದೆಂತ ಅಕ್ಕಾ?"

"ಇನ್ನೆಂತ ಕೊಸರು? ಈಗ ನಿಮಗೆ ಕೆಲಸ ಅದೆ."