ಬೇಕಾಗುವ ಸಾಮಗ್ರಿಗಳು: ನೆಂಟರು

ನಮ್ಮ ಸೋದರತ್ತೆಯ ಕೈಗೆ ಸಿಕ್ಕಿದ ಬೆರಳು ಒಂದು ಹನಿ ರಕ್ತ ಕೊಡದೆ ಬಿಡಿಸಿಕೊಂಡು ಬಂದ ಉದಾಹರಣೆ ಇಡೀ ಗುಬ್ಬಿ ತಾಲ್ಲೂಕಿನಲ್ಲಿಲ್ಲ! ಯಾವುದಾದರೂ ಮದುವೆಯ ಊಟದ ಸಾಲಿನಲ್ಲಿ ಹತ್ತಾರು ಜನ ಎಡಗೈ ಬೆರಳಿಗೆ ಹತ್ತಿ ಒತ್ತಿಕೊಂಡು ಕೂತಿದ್ದರೆ, ಅಲ್ಲಿಗೆ ಅತ್ತೆ ಬಂದಿದ್ದಾರೆ ಅಂತಲೇ ಅರ್ಥ. ಹಾಗಂತ ಅವರು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಸಿ.ಎಸ್. ಪುರದ ಕಡೆ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ರಿಟೈರ್ ಆದವರು. ಬೇರೆಯವರು ರಿಟೈರ್ ಆದರೆ ಕಾಶಿಗೆ ಹೋಗುತ್ತಾರೆ. ಅತ್ತೆ ಮೆಡಿಕಲ್ ಸ್ಟೋರಿಗೆ ಹೋಗಿ ಶುಗರ್ ನೋಡುವ ಮೆಷಿನ್ ತಂದರು.

ಸಂಶೋಧನೆಯ ವಿಷಯ, ತಂಪು ಪಾನೀಯ ಮತ್ತು ನೆಂಟರ ಆರೋಗ್ಯ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತಲ್ಲ? ಮನೆಗೆ ಯಾರೇ ಬರಲಿ, ಅವರು ಚಪ್ಪಲಿ ಬಿಡುವ ಮೊದಲೇ ಒಳಗಿನಿಂದ 'ಕೂಲ್ ಡ್ರಿಂಕ್ಸ್ ತರ್ಸಿ' ಎಂಬ ಕೂಗು ಕೇಳುತ್ತದೆ. ನೀರು ಕೊಟ್ಟರೆ ಅವಮಾನ, ಕಾಫಿ ಕೊಟ್ಟರೆ ಪರವಾಗಿಲ್ಲ, ಬಣ್ಣದ ಬಾಟಲಿ ತರಿಸಿದರೆ ಮರ್ಯಾದೆ. ನಮ್ಮಪ್ಪ, ಅಂದರೆ ಅತ್ತೆಯ ಅಣ್ಣ, ಯಾರು ಕೊಟ್ಟ ಮರ್ಯಾದೆಯನ್ನೂ ಬೇಡವೆಂದವರಲ್ಲ. ದಿನಕ್ಕೆ ನಾಲ್ಕು ಮನೆ, ನಾಲ್ಕು ಗ್ಲಾಸ್. ಶುಗರ್ ಇದೆಯಾ ಅಂತ ನೋಡಿಸಿದವರೂ ಅಲ್ಲ. ಅದು ಮೊದಲು ಅವರ ಕಾಲು ತೆಗೆದುಕೊಂಡಿತು, ಎರಡು ವರ್ಷಕ್ಕೆ ಅವರನ್ನೇ ತೆಗೆದುಕೊಂಡಿತು. 'ಆ ಬಾಟಲಿಯೊಂದರಿಂದಲೇ ಅಂತ ಹೇಳೋಕಾಗಲ್ಲ, ಆದ್ರೆ ಅದೊಂದನ್ನಾದ್ರೂ ಬಿಡಬಹುದಿತ್ತು' ಎಂದು ಅತ್ತೆ ಆವತ್ತು ಹೇಳಿದ್ದರು. ತಿಥಿ ಮುಗಿದ ವಾರದಲ್ಲೇ ಮೆಷಿನ್ ಬಂತು, ಒಂದು ಲಾಂಗ್ ಬುಕ್ಕೂ ಬಂತು.

ಮೊದಲ ಪ್ರಯೋಗಕ್ಕೆ ಅತ್ತೆ ತಮ್ಮದೇ ದವಡೆ ಹಲ್ಲು ಕೊಟ್ಟರು. ಕೀಳಿಸಿಕೊಂಡ ಹಲ್ಲನ್ನು ಒಂದು ಬಾಟಲಿ ಕರಿ ಪಾನೀಯದೊಳಗೆ ಹಾಕಿ, ಹಲ್ಲು ಎಷ್ಟು ದಿನಕ್ಕೆ ಸವೆಯುತ್ತದೆ ನೋಡೋಣವೆಂದು ಅಡುಗೆಮನೆ ಕಿಟಕಿಯಲ್ಲಿಟ್ಟರು. ನಾಲ್ಕನೇ ದಿನ ಮಾವ ತೋಟದಿಂದ ಬಾಯಾರಿ ಬಂದರು. ಹೆಂಡತಿ ಊರಿಗೆಲ್ಲ ಬೇಡ ಅಂತ ಹೇಳುವ ವಸ್ತು ಮನೆಯಲ್ಲೇ ಇದೆ, ಅದೂ ಮುಚ್ಚಳ ತೆಗೆದು! ಬಿಡುತ್ತಾರೆಯೇ? ಮುಕ್ಕಾಲು ಬಾಟಲಿ ಇಳಿದ ಮೇಲೆ ಬಾಯಿಗೆ ಹಲ್ಲು ಸಿಕ್ಕಿತು. ಅತ್ತೆ ಪ್ರಯೋಗ ಹಾಳಾಯಿತೆಂದು ಕಿರುಚಾಡಿದರೆ, ಮಾವನ ದೂರೇ ಬೇರೆ.

"ಹಲ್ಲು ಹಂಗಿರ್ಲಿ ಬುಡು, ಗ್ಯಾಸೇ ಇರ್ಲಿಲ್ವಲ್ಲೇ."

ಆವತ್ತಿನಿಂದ ಅತ್ತೆ ಹಲ್ಲು ಬಿಟ್ಟು ಬೆರಳು ಹಿಡಿದರು. ಬರೆದುಕೊಳ್ಳುವ ಕ್ರಮ ಮಾತ್ರ ಹೈಸ್ಕೂಲಿನ ಪ್ರಯೋಗದ ರೆಕಾರ್ಡಿನದೇ. ಉದ್ದೇಶ: ಪಾನೀಯ ಕುಡಿದವರ ಸಕ್ಕರೆ ಅಂಶ ತಿಳಿಯುವುದು. ಬೇಕಾಗುವ ಸಾಮಗ್ರಿಗಳು: ಮೆಷಿನ್, ಸೂಜಿ, ನೆಂಟರು. ಆಮೇಲೆ ವಿಧಾನ, ವೀಕ್ಷಣೆ, ನಿರ್ಣಯ. ಒಬ್ಬರಿಗೆ ಒಂದೇ ಸೂಜಿ, ಚುಚ್ಚುವ ಮೊದಲು ಸೋಪು ಹಾಕಿ ಕೈ ತೊಳೆಯಲೇಬೇಕು. ಈ ಎರಡು ವಿಷಯದಲ್ಲಿ ಅವರ ಹತ್ತಿರ ಯಾವ ನೆಂಟಸ್ತಿಕೆಯೂ ನಡೆಯುವುದಿಲ್ಲ.

ಸಂಶೋಧನೆ ಶಿಖರ ಮುಟ್ಟಿದ್ದು ಕುಣಿಗಲ್ಲಿನ ಛತ್ರದಲ್ಲಿ ನಡೆದ ನಮ್ಮ ದಾಯಾದಿಗಳ ಮದುವೆಯಲ್ಲಿ. ಎರಡು ಗುಂಪು ಬೇಕು, ಒಂದಕ್ಕೆ ಪಾನೀಯ, ಇನ್ನೊಂದಕ್ಕೆ ಮಜ್ಜಿಗೆ, ಆಮೇಲೆ ಹೋಲಿಸಬೇಕು ಅನ್ನುವುದು ಅತ್ತೆಯ ಯೋಜನೆ. ಮದುವೆಮನೆಯಲ್ಲಿ ಎರಡು ಗುಂಪು ತಾನಾಗಿಯೇ ಇರುತ್ತದಲ್ಲ! ಬಡಿಸುವವರನ್ನು ಒಪ್ಪಿಸಿ, ಹೆಣ್ಣಿನ ಕಡೆಯವರಿಗೆಲ್ಲ ಕಿತ್ತಳೆ ಬಣ್ಣದ ಪಾನೀಯ, ಗಂಡಿನ ಕಡೆಯವರಿಗೆಲ್ಲ ಮಜ್ಜಿಗೆ ಕೊಡಿಸಿದರು. ವಿಜ್ಞಾನದ ಪ್ರಕಾರ ಸರಿಯೇ. ಆದರೆ ಹುಲಿಯೂರುದುರ್ಗದಿಂದ ಬಂದ ಬೀಗರಿಗೆ ವಿಜ್ಞಾನ ಕಾಣಿಸಲಿಲ್ಲ, ಮಜ್ಜಿಗೆ ಕಾಣಿಸಿತು. ಗಂಡಿನ ದೊಡ್ಡಪ್ಪ ಪಂಚೆ ಎತ್ತಿ ಕಟ್ಟಿ, ಬೀಗರಿಗೆ ನೀರು ಮಜ್ಜಿಗೆ, ಇವರಿಗೆ ಮಾತ್ರ ಜ್ಯೂಸು, ಇದೇನಾ ಮರ್ಯಾದೆ ಎಂದು ಎದ್ದು ನಿಂತರು. ಅವರ ಹಿಂದೆ ಎರಡು ಬಸ್ಸಿನ ಜನ ಎದ್ದರು. ಧಾರೆಗೆ ಇನ್ನು ಅರ್ಧ ಗಂಟೆ!

ಅತ್ತೆ ಒಂದಿಷ್ಟೂ ಹೆದರಲಿಲ್ಲ. ಸೀದಾ ದೊಡ್ಡಪ್ಪನ ಮುಂದೆ ಹೋಗಿ, ಈ ಮದುವೆಯಲ್ಲಿ ಬೀಗರಿಗೆ ವಿಶೇಷವಾಗಿ ಫ್ರೀ ಶುಗರ್ ಟೆಸ್ಟ್ ಇಟ್ಟಿದ್ದೇವೆ, ಮಜ್ಜಿಗೆ ಕುಡಿದವರಿಗೆ ಮಾತ್ರ ಎಂದುಬಿಟ್ಟರು. ಫ್ರೀ ಅಂದಮೇಲೆ ಕೇಳಬೇಕೆ? ಸಿಟ್ಟು ಇಳಿದು ಸಾಲು ನಿಂತಿತು. ಕಷ್ಟ ಶುರುವಾಗಿದ್ದು ದೊಡ್ಡಪ್ಪನದೇ ಶುಗರ್ ಸಿಕ್ಕಾಪಟ್ಟೆ ಇದೆ ಅಂತ ಮೆಷಿನ್ ತೋರಿಸಿದಾಗ. ಕೈಗೆ ಲಾಡಿನ ಸಕ್ಕರೆ ಅಂಟಿತ್ತು, ಇನ್ನೊಂದು ಸಲ ನೋಡಿ ಎಂದು ಅವರು ಗೋಗರೆದರು. ಅತ್ತೆ ಕನ್ನಡಕದ ಮೇಲಿಂದ ನೋಡಿದರು.

"ಕೈ ತೊಳ್ಸೇ ಚುಚ್ಚಿರೋದು ಬೀಗ್ರೇ. ಬೇಕಾದ ಉತ್ತರ ಬರೋವರ್ಗೂ ಚುಚ್ತಾ ಕೂತ್ರೆ ಅದು ವಿಜ್ಞಾನ ಅಲ್ಲ, ಹಟ."

ಮಧ್ಯಾಹ್ನದ ಹೊತ್ತಿಗೆ ಇಂಥವರು ಇನ್ನೂ ಎಂಟು ಹತ್ತು ಜನ ಹೊರಬಿದ್ದರು. ಹೋಳಿಗೆ ಬುಟ್ಟಿ ಹಿಡಿದು ಬಂದ ಭಟ್ಟರಿಗೆ ಸಾಲಿನುದ್ದಕ್ಕೂ ಅಡ್ಡ ಹಿಡಿದ ಅಂಗೈಗಳೇ ಕಂಡವಂತೆ. ಮೂವತ್ತು ವರ್ಷದಲ್ಲಿ ಹೋಳಿಗೆ ಉಳಿದ ಮದುವೆ ಇದೊಂದೇ ಎಂದು ಅವರು ಇವತ್ತಿಗೂ ಅತ್ತೆಯ ಮೇಲೆ ಮುನಿಸಿಕೊಂಡಿದ್ದಾರೆ.

ಇಷ್ಟೆಲ್ಲ ಆಡಿಕೊಳ್ಳುವ ನಾನು ಸಾಚಾನಾ ಅಂತ ನೀವು ಕೇಳುವ ಮೊದಲೇ ಹೇಳಿಬಿಡುತ್ತೇನೆ. ಅಲ್ಲ. ಅಪ್ಪನ ತಿಥಿಯ ದಿನ, ಇನ್ನು ಮೇಲೆ ಆ ಬಣ್ಣದ ಬಾಟಲಿ ಮುಟ್ಟುವುದಿಲ್ಲ ಎಂದು ಅತ್ತೆಗೆ ಮಾತು ಕೊಟ್ಟಿದ್ದೆ. ನನ್ನ ಮಾತು ನಂಬಿ ಅತ್ತೆ ಪುಸ್ತಕದಲ್ಲಿ ನನಗೇ ಅಂತ ಒಂದು ಪುಟ ಇಟ್ಟಿದ್ದರು. ಹೋದಲ್ಲೆಲ್ಲ 'ನಮ್ಮ ಅಣ್ಣನ ಮಗನ್ನ ನೋಡಿ ಕಲೀರಿ' ಅಂತ ಹೇಳಿಕೊಂಡು ತಿರುಗುತ್ತಿದ್ದರು. ನಾನೋ, ತುಮಕೂರಿನಲ್ಲಿ ನಮ್ಮ ಆಫೀಸಿನ ಎದುರಿನ ಬೇಕರಿಯಲ್ಲಿ ದಿನಾ ನಾಲ್ಕು ಗಂಟೆಗೆ ಒಂದು ಬನ್ನು, ಒಂದು ಬಾಟಲಿ. ಯುಗಾದಿಗೆ ಒಮ್ಮೆ, ಗೌರಿ ಹಬ್ಬಕ್ಕೆ ಒಮ್ಮೆ ಅತ್ತೆ ಬಂದು ಬೆರಳು ಕೇಳುತ್ತಿದ್ದರು. ಪರೀಕ್ಷೆ ಯಾವಾಗ ಅಂತ ಗೊತ್ತಿದ್ದರೆ ಪಾಸಾಗದವರು ಯಾರು? ಹದಿನೈದು ದಿನ ಮುಂಚೆಯೇ ಬಾಟಲಿ ಬಿಟ್ಟು, ಹಾಗಲಕಾಯಿ ತಿಂದು, ಅಮಾನಿಕೆರೆ ಸುತ್ತ ನಡೆದು ತಯಾರಾಗುತ್ತಿದ್ದೆ. ಈಚೆಗೆ ಮಾತ್ರ ಬಾಯಾರಿಕೆ ಜಾಸ್ತಿಯಾಗಿತ್ತು. ಬೇಸಿಗೆ ಅಂದುಕೊಂಡೆ. ಮಳೆಗಾಲ ಬಂದರೂ ಬೇಸಿಗೆ ಅಂತಲೇ ಅಂದುಕೊಂಡೆ.

ಹೋದ ತಿಂಗಳು ಒಂದು ದಿನ ಬೇಕರಿಯ ಕಟ್ಟೆಗೆ ಒರಗಿ ಬಾಟಲಿ ಎತ್ತಿದ್ದೇನೆ, ಪಕ್ಕದಲ್ಲೇ ಪರಿಚಿತ ಧ್ವನಿ ಎರಡು ಖಾರಾ ಬನ್ ಕಟ್ಟಿಕೊಡಿ ಎಂದಿತು. ಅತ್ತೆ! ಮೆಷಿನ್ನಿಗೆ ರಕ್ತ ತಾಗಿಸುವ ಪಟ್ಟಿಗಳನ್ನು ಕೊಳ್ಳಲು ಗುಬ್ಬಿಯಿಂದ ಬಂದವರು ಮಾವನಿಗೆ ತಿಂಡಿ ಕಟ್ಟಿಸಲು ಒಳಗೆ ಬಂದಿದ್ದರು. ನಾನು ಬಾಟಲಿಯನ್ನು ಬ್ರೆಡ್ಡಿನ ಹಿಂದೆ ತಳ್ಳಿದೆ. ಬೇಕರಿಯ ಭಾಯಿ ಒಳ್ಳೆಯ ಮನುಷ್ಯ, ನನ್ನ ಮುಖ ನೋಡಿ ಅದು ನಂದು ಮೇಡಂ ಎಂದರು. ಹಾಗಾದರೆ ನಿಮ್ಮ ಬೆರಳೇ ಕೊಡಿ ಎಂದು ಅತ್ತೆ ಬ್ಯಾಗಿಗೆ ಕೈ ಹಾಕಿದ್ದೇ ತಡ, ಭಾಯಿ ಎರಡು ಹೆಜ್ಜೆ ಹಿಂದೆ ಸರಿದರು.

"ಇವ್ರದೇ ಮೇಡಂ. ದಿನಾ ಕುಡೀತಾರೆ."

ಅತ್ತೆ ಬೈಯಲಿಲ್ಲ. ಕೈ ತೊಳೆಸಿದರು, ಚುಚ್ಚಿದರು. ಮೆಷಿನ್ ತೋರಿಸಿದ್ದನ್ನು ಪುಸ್ತಕದಲ್ಲಿ ಬರೆಯಲಿಲ್ಲ. ಬನ್ನಿನ ಸಕ್ಕರೆ ಅಂಟಿರಬೇಕು, ಇನ್ನೊಂದು ಸಲ ತೊಳೆದುಕೊಂಡು ಬಾ ಎಂದರು. ತೊಳೆದು ಬಂದೆ. ಎರಡನೇ ಬೆರಳು. ಈಗ ತಾನೇ ಕುಡಿದಿದ್ದೀಯಲ್ಲ, ಅದಕ್ಕೇ ಹೀಗೆ ಎಂದರು. ಆಗಷ್ಟೇ ಕುಡಿದ ನೆಂಟರ ಲೆಕ್ಕವೆಲ್ಲ ಅವರ ಪುಸ್ತಕದಲ್ಲೇ ಇದೆ. ಕುಣಿಗಲ್ಲಿನ ಮದುವೆಯ ಆ ದೊಡ್ಡಪ್ಪನೊಬ್ಬರನ್ನು ಬಿಟ್ಟರೆ ಯಾರದೂ ಇಷ್ಟು ಏರಿದ್ದಿಲ್ಲ. ಅದು ನನಗಿಂತ ಅವರಿಗೇ ಚೆನ್ನಾಗಿ ಗೊತ್ತು. ಮೂರನೇ ಬೆರಳನ್ನೂ ಚುಚ್ಚಿದರು.

"ಈ ಮೆಷಿನ್ನೇ ಕೆಟ್ಟೋಗಿದೆ ಕಣೋ. ಇರು, ಹೊಸ ಪಟ್ಟಿ ಹಾಕ್ತೀನಿ."

ಅವರು ಬ್ಯಾಗಿನಲ್ಲಿ ಹುಡುಕುತ್ತಿದ್ದರು. ಅವರ ಮುಖ ನೋಡಲಾಗದೆ ನಾನು ಕಟ್ಟೆಯ ಮೇಲಿದ್ದ ಪುಸ್ತಕ ತೆರೆದೆ. ಎಂಟು ವರ್ಷದಿಂದ ನೋಡಿ ನಗುತ್ತಿದ್ದ ಪುಸ್ತಕ, ಮೊದಲ ಪುಟ ಮಾತ್ರ ಒಮ್ಮೆಯೂ ನೋಡಿರಲಿಲ್ಲ.

ಉದ್ದೇಶ: ಅಣ್ಣನ ಮಗನ ಬೆರಳು ವರ್ಷಕ್ಕೆ ಎರಡು ಸಲವಾದರೂ ಹಿಡಿಯುವುದು.

ಬೇಕಾಗುವ ಸಾಮಗ್ರಿಗಳು: ಮೆಷಿನ್, ಸೂಜಿ, ನೆಂಟರು.

ವಿಧಾನ: ಅವನೊಬ್ಬನದೇ ಕೇಳಿದರೆ ಅವರಪ್ಪನ ಹಾಗೇ ಅವನೂ ಕೊಡುವುದಿಲ್ಲ. ಆದ್ದರಿಂದ ಎಲ್ಲರದೂ ಕೇಳುವುದು.

ಅಕ್ಷರ ಮಸುಕಾಯಿತು. ಪುಸ್ತಕ ಮುಚ್ಚಿದೆ. ಮೆಷಿನ್ ಸರಿಯಾಗಿಯೇ ಇದೆ ಅತ್ತೆ, ಸುಳ್ಳು ಹೇಳಿದ್ದು ನಾನು ಎಂದೆ. ನಾಳೆ ಬೆಳಿಗ್ಗೆ ಡಾಕ್ಟರ ಹತ್ತಿರ ಹೋಗೋಣ, ನೀವೂ ಬರ್ತೀರಾ ಎಂದು ಕೇಳಿದೆ.

"ನಾಳೆ ಯಾಕ್ಲಾ? ಈಗ್ಲೇ ನಡಿ."

ಭಾಯಿ ಓಡಿಹೋಗಿ ಆಟೋ ನಿಲ್ಲಿಸಿದರು. ಖಾರಾ ಬನ್ ಕಟ್ಟೆಯ ಮೇಲೇ ಉಳಿಯಿತು. ಆಸ್ಪತ್ರೆ ಬರುವವರೆಗೂ ಅತ್ತೆ ಹತ್ತಿ ಒತ್ತಿ ಹಿಡಿದ ನನ್ನ ಬೆರಳನ್ನು ಬಿಡಲಿಲ್ಲ. ರಕ್ತ ಯಾವಾಗಲೋ ನಿಂತಿತ್ತು.