ಮಾವನ ಮನೆಗೆ ಹೋದ ಬಟ್ಟೆ ಲಾರಿ

ನನ್ನ ಮಾತು ಎಲ್ಲಿಯವರೆಗೆ ನಡೆಯುತ್ತದೆ ಎಂಬುದು ಮನೆಯಲ್ಲಿ ನನಗೆ ಮದುವೆಯಾದ ವಾರದಲ್ಲೇ ತಿಳಿದುಹೋಯಿತು. ಕಂಪ್ಯೂಟರಿನಲ್ಲಿ ತಿಳಿಯಲು ಮಾತ್ರ ವರ್ಷಗಳೇ ಹಿಡಿದವು.

ಆಗ ನಾನು ಇಚಲಕರಂಜಿಯ ಬಟ್ಟೆ ಗಿರಣಿಯೊಂದರಲ್ಲಿ ಆರ್‌ಪಿಜಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೆ. ಎದುರಿಗೆ ಹಸಿರು ಅಕ್ಷರದ ಪರದೆ, ಹೊರಗೆ ಮಗ್ಗಗಳ ಖಟಖಟ. ಆ ಸದ್ದಿಲ್ಲದೆ ಈಗಲೂ ನನಗೆ ಸರಿಯಾಗಿ ನಿದ್ದೆ ಬರುವುದಿಲ್ಲ. ಒಂದು ದಿನ ಬಟ್ಟೆ ರವಾನಿಸುವ ಹೊಸ ಪ್ರೋಗ್ರಾಂ ಪರೀಕ್ಷಿಸಬೇಕಿತ್ತು. ಅಸಲಿ ಆರ್ಡರ್ ಫೈಲು ಮುಟ್ಟದೆ ಟೆಸ್ಟ್ ಫೈಲಿಗೇ ಬರೆಯಬೇಕೆಂದು ಓವರ್‌ರೈಡ್ ಎಂಬ ಅಪ್ಪಣೆ ಕೊಟ್ಟೆ. ಗಿರಾಕಿಯ ಹೆಸರೊಂದು ಬೇಕಲ್ಲ? ಗಡಹಿಂಗ್ಲಜದ ನಮ್ಮ ಮಾವನವರ ಹೆಸರು, ವಿಳಾಸ ಹಾಕಿ ಊಟಕ್ಕೆ ಹೋದೆ. ಆದರೆ ಓವರ್‌ರೈಡ್ ಕೊಟ್ಟ ನನ್ನ ಪ್ರೋಗ್ರಾಂ ಇದ್ದದ್ದು ಒಂದು ಆ್ಯಕ್ಟಿವೇಶನ್ ಗ್ರೂಪಿನಲ್ಲಿ, ಅದು ಕರೆದ ರವಾನೆಯ ಪ್ರೋಗ್ರಾಂ ಇನ್ನೊಂದರಲ್ಲಿ. ಒಂದೇ ವಾಡೆಯಲ್ಲಿ ಎರಡು ಸಂಸಾರವಿದ್ದಂತೆ. ನನ್ನ ಅಪ್ಪಣೆ ನನ್ನ ಗ್ರೂಪಿನ ಹೊಸ್ತಿಲು ದಾಟಲಿಲ್ಲ. ಆ ಪ್ರೋಗ್ರಾಂ ನಿಶ್ಚಿಂತೆಯಿಂದ ಅಸಲಿ ಫೈಲಿಗೇ ಬರೆಯಿತು. ಗೋದಾಮಿನಲ್ಲಿ ಚೀಟಿ ಹೊರಬಂತು, ಲಾರಿ ಹೊರಟಿತು.

ಸಂಜೆ ಮಾವನವರ ಫೋನು. "ಅಳಿಯಂದ್ರ, ಇಷ್ಟು ಅರಬಿ-ಬಟ್ಟಿ ಯಾಕ ಕಳಿಸೀರಿ? ಓಣಿ ಮಂದಿಯೆಲ್ಲಾ ನಿಂತು ನೋಡಾಕತ್ತಾರ!" ದನಿಯಲ್ಲಿ ಹೆಮ್ಮೆ ತುಳುಕುತ್ತಿತ್ತು. ಗಿರಣಿಯಿಂದ ಅವರಿಗೆ ಒಂದು ಟವೆಲ್ಲನ್ನೂ ಒಯ್ದವನಲ್ಲ ನಾನು. ಫೋನಿಡುವಷ್ಟರಲ್ಲಿ ಮ್ಯಾನೇಜರು ಬಂದರು. "ಮುಂಬೈ ಮಾಲು ಅದು. ನಾಳೆ ಮುಂಜಾನೆ ಇಲ್ಲಿರಬೇಕ್ರಿ. ಇಲ್ಲಂದ್ರ ನೀವೂ ಅಲ್ಲೇ ಇದ್ದಬಿಡ್ರಿ."

ಸಿಕ್ಕ ಬಸ್ಸು ಹತ್ತಿ ಹೋದೆ. ಮಾವನವರು ಡ್ರೈವರನಿಗೆ ಝುಣಕ-ರೊಟ್ಟಿ ಬಡಿಸಿ ಕೂಡಿಸಿದ್ದರು. ಅಂಗಳದ ತುಂಬ ಬಟ್ಟೆಯ ಗಂಟು, ಸುತ್ತ ನೆರೆಹೊರೆ. ಮಾವನವರನ್ನು ಒಳಗೆ ಕರೆದು ಪಿಸುದನಿಯಲ್ಲಿ ಎಲ್ಲ ಹೇಳಿದೆ.

"ಅಂದ್ರ ಕಳಿಸಿದವರು ನೀವಲ್ಲ?"

"ಕಂಪ್ಯೂಟರ್ ರೀ, ಮಾವಾರ."

"ನೀವು ಹೇಳಿದ್ದು ಅದು ಕೇಳಲಿಲ್ಲೇನ್ರಿ?"

"ನನ್ನ ಗ್ರೂಪಿನಾಗ ಅಷ್ಟ ಕೇಳ್ತದ್ರಿ."

ಅವರ ಮುಖ ಸಣ್ಣದಾಯಿತು. ನನಗೆ ನೆಲ ಬಿರಿದರೆ ಸಾಕೆನಿಸಿತು. ಅವರು ಟೋಪಿ ಸರಿಮಾಡಿಕೊಂಡು ಹೊರಗೆ ಹೋದರು. "ಎಲ್ಲಾ ವಾಪಸ್ ಹೇರ್ರೋ! ಅಳಿಯಂದ್ರು ಭಾಳ ಪ್ರೀತಿಲೆ ಕಳಿಸ್ಯಾರ, ಖರೆ. ಆದ್ರ ಮಗಳನ್ನ ಕೊಟ್ಟ ಮನಿದು ನಾ ಮುಟ್ಟಂಗಿಲ್ಲ."

ಮರುದಿನವೇ ಓವರ್‌ರೈಡ್ ಇಡೀ ಜಾಬ್‌ಗೆ, ಎಂದರೆ ವಾಡೆಯ ಎಲ್ಲ ಸಂಸಾರಗಳಿಗೂ, ಅನ್ವಯಿಸುವಂತೆ ಬದಲಿಸಿದೆ. ಟೆಸ್ಟ್ ಮಾಲು ಮತ್ತೆಂದೂ ಊರು ಬಿಡಲಿಲ್ಲ.

ಮಾವನವರು ಈಗಿಲ್ಲ. ಮೊನ್ನೆ ಗಡಹಿಂಗ್ಲಜಕ್ಕೆ ಹೋದಾಗ ಪಕ್ಕದ ಮನೆಯ ಅಜ್ಜಿ ನನ್ನ ಕೈ ಹಿಡಿದುಕೊಂಡರು. "ಲಾರಿ ತುಂಬ ಅರಬಿ ಕಳಿಸಿದ ಅಳಿಯಂದ್ರು ನೀವ ಅಲ್ರಿ? ಅಂಥಾ ಮನಸು ಯಾರಿಗದ ಈಗ!"

ಅವರಿಗೆ ಆ್ಯಕ್ಟಿವೇಶನ್ ಗ್ರೂಪ್ ವಿವರಿಸಲು ಹೊರಟರೆ ಹೊತ್ತು ಮುಳುಗೀತೆಂದು "ಹೌದ್ರಿ" ಎಂದುಬಿಟ್ಟೆ. ಪಕ್ಕದಲ್ಲಿದ್ದ ಹೆಂಡತಿ ಕೆಮ್ಮಿದಳು.