ಬಿಷಪ್ಪರ ಆಲೂಗಡ್ಡೆ ಪವಾಡ

ಒಂಬತ್ತನೇ ಶತಮಾನದ ಇಂಗ್ಲೆಂಡಿನಲ್ಲಿ ಸ್ವಿದನ್ ಎಂಬ ಬಿಷಪ್ಪರು ಒಡೆದ ಆಲೂಗಡ್ಡೆಗಳನ್ನು ಕೂಡಿಸಿದರೆಂಬುದು ಜೆ.ಪಿ. ನಗರದ ಒಂದು ಬಡಾವಣೆಯಲ್ಲಿ ನಿರ್ವಿವಾದ ಸಂಗತಿ.

ಮೂಲ ಕಥೆಯಲ್ಲಿ ಅದು ಮೊಟ್ಟೆ. ಸೇತುವೆಯ ಮೇಲೆ ಬಡ ಮುದುಕಿಯ ಮೊಟ್ಟೆಬುಟ್ಟಿ ಬಿದ್ದು ಚೂರಾದಾಗ ಬಿಷಪ್ಪರು ಕೈಯೆತ್ತಿ ಹರಸಿ ಎಲ್ಲವನ್ನೂ ಮೊದಲಿನಂತೆ ಮಾಡಿದರಂತೆ. ಬಡಾವಣೆಯ ರಾಜಕಾಲುವೆಗೆ ಕಾಲುಸೇತುವೆ ಕಟ್ಟಿಸಿಕೊಟ್ಟ ಇಂಗ್ಲೆಂಡಿನ ಟ್ರಸ್ಟಿನವರು, ಉದ್ಘಾಟನೆಗೆ ಈ ಸಂತನ ನಾಟಕ ಆಡಲೇಬೇಕೆಂದು ಷರತ್ತು ಹಾಕಿದ್ದರು.

ಬಿಷಪ್ ಪಾತ್ರಕ್ಕೆ ನಿವಾಸಿಗಳ ಸಂಘದ ಅಧ್ಯಕ್ಷ ಚಕ್ರಪಾಣಿಯವರು ತಮ್ಮನ್ನು ತಾವೇ ಅವಿರೋಧವಾಗಿ ಆರಿಸಿಕೊಂಡರು. ಮುದುಕಿಯ ಪಾತ್ರ, ಕಾಲುವೆ ಪಕ್ಕ ಮೊಟ್ಟೆ ಮಾರುತ್ತಿದ್ದ ಬಾದಾಮಿ ಕಡೆಯ ತಂಗೆವ್ವನಿಗೆ ಬಂತು. ನಾಟಕ ಗೆದ್ದರೆ ಸೇತುವೆಯ ಬುಡದಲ್ಲಿ ಅವಳ ಜಾಗ ಕಾಯಂ. ಸೋತರೆ ಅಲ್ಲಿ ಹೂಕುಂಡ. ತಂಗೆವ್ವನಿಗೆ ಸಂತರೂ ಅಷ್ಟೇ, ಅಧ್ಯಕ್ಷರೂ ಅಷ್ಟೇ. ಕೂರುವ ಜಾಗ ಉಳಿದರೆ ಸಾಕಿತ್ತು.

ರಿಹರ್ಸಲ್ಲಿಗೆ ಅವಳು ಬುಟ್ಟಿ ತುಂಬ ಮೊಟ್ಟೆ ತಂದಳು. ಚಕ್ರಪಾಣಿ ಹಿಂದಕ್ಕೆ ಜಿಗಿದರು.

“ಏನಮ್ಮಾ ಇದು? ಸಂಘದ ಸ್ಟೇಜ್ ಮೇಲೆ ಮೊಟ್ಟೆನಾ? ಆಲೂಗಡ್ಡೆ ಇಟ್ಕೊಂಡ್ ಬಾ.”

“ಆಲೂಗಡ್ಡಿ ಬಿದ್ರ ಒಡಿಯಂಗಿಲ್ರೀ ಸಾಹೇಬ್ರ.”

“ಬೇಯಿಸ್ಕೊಂಡ್ ಬಾ.”

“ಮತ್ತ ಆ ಸ್ವಾಮ್ಯಾರು ತತ್ತಿ ಕೂಡಿಸಿದ್ರು ಅಂದ್ರಲ್ರೀ?”

“ಅವರ ಕಾಲಕ್ಕೆ ನಮ್ಮ ಸಂಘ ಇರ್ಲಿಲ್ಲಮ್ಮ.”

ಮರುದಿನವೇ ಪ್ರಕಟಣೆ ಬಿತ್ತು: ‘ಸಂತರ ಘನತೆಯ ದೃಷ್ಟಿಯಿಂದ, ಅವರ ಜೀವಿತಾವಧಿಯ ಸಮಸ್ತ ಮೊಟ್ಟೆಗಳನ್ನು ಪೂರ್ವಾನ್ವಯವಾಗುವಂತೆ ಆಲೂಗಡ್ಡೆಗಳೆಂದು ಪರಿಗಣಿಸತಕ್ಕದ್ದು.’

ಉದ್ಘಾಟನೆಯ ದಿನ ತಂಗೆವ್ವ ಧೊಪ್ಪನೆ ಬಿದ್ದಳು, ಆಲೂಗಡ್ಡೆ ಪಲ್ಯವಾಯಿತು. ಬಿಷಪ್ ಚಕ್ರಪಾಣಿ ರೇಷ್ಮೆ ಶಲ್ಯದೊಳಗಿಂದ ಇಡೀ ಗಡ್ಡೆಯೊಂದನ್ನು ತೆಗೆದು ಎತ್ತಿ ಹಿಡಿದರು. ಇಂಗ್ಲೆಂಡಿನವರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಇಂಗ್ಲೆಂಡಿನ ಸಂತ ತಮಗಿಂತ ಭಾರತೀಯರಿಗೇ ಚೆನ್ನಾಗಿ ಗೊತ್ತೆಂದು ಭಾಷಣವನ್ನೂ ಮಾಡಿದರು.

ತಂಗೆವ್ವನಿಗೆ ಜಾಗ ಸಿಕ್ಕಿತು. ಆದರೆ ಸಂತರ ಸನ್ನಿಧಿಯಾದ್ದರಿಂದ ಅಲ್ಲಿ ಆಲೂಗಡ್ಡೆ ಮಾತ್ರ ಮಾರತಕ್ಕದ್ದೆಂದು ಅನುಮತಿಪತ್ರ ಹೇಳಿತು. ಪಕ್ಕದಲ್ಲೇ ತರಕಾರಿ ಗಾಡಿ. ಇವಳ ಹತ್ತಿರ ಯಾರು ಬರಬೇಕು? ಕೆಲವು ದಿನ ನೊಣ ಓಡಿಸಿದಳು. ಆಮೇಲೆ ‘ಆಲೂಗಡ್ಡೆ’ ಎಂದು ದೊಡ್ಡದಾಗಿ ಬೋರ್ಡು ಬರೆಸಿ, ಅದರ ಕೆಳಗೆ ಮೊಟ್ಟೆಯ ಟ್ರೇಗಳನ್ನೇ ಪೇರಿಸಿಕೊಂಡು ಕೂತಳು.

ಯಾರೂ ಹುಬ್ಬೇರಿಸಲಿಲ್ಲ. ಮೊದಲ ಗಿರಾಕಿಯಾಗಿ ಚಕ್ರಪಾಣಿಯವರ ಹೆಂಡತಿ ವಾರಿಜಾ ವಾಕಿಂಗ್ ಮುಗಿಸಿ ಬಂದರು.

“ಆರು ಆಲೂಗಡ್ಡೆ ಕೊಡು ತಂಗೆವ್ವ. ನಮ್ಮನೆಯವ್ರಿಗೆ ಡಾಕ್ಟ್ರು ಹಳದಿ ಬೇಡ ಅಂದಿದಾರೆ.”

“ಬಿಳೇದಷ್ಟ ತಿನಸ್ರೀ ಅಕ್ಕಾರ,” ಎನ್ನುತ್ತ ತಂಗೆವ್ವ ಪೇಪರಿನಲ್ಲಿ ಸುತ್ತಿಕೊಟ್ಟಳು.